ನಾಲ್ಕು ಸಾಲು, ಒಂದು ಏಟು: ರಷ್ಯದ ಚಸ್ತುಷ್ಕಾ

ನಲ್ಲ ಕುಂತ ಜಗಲಿ ಮ್ಯಾಲೆ,
ಮುಖದ ಮ್ಯಾಲೆ ಭಾವ ಐತೆ;
ಜಗಲಿಗೇನು ತಾಗ್ಸಿ ಕುಂತ್ನೋ
ಮುಖವೂ ಥೇಟು ಹಂಗೇ ಐತೆ!

ರಷ್ಯದ ಹಳ್ಳಿ ಹುಡುಗಿ ತನ್ನ ನಲ್ಲನ ಮೇಲೆ ಹಾಡುವ ಪದ್ಯ ಇದು. ಕಟ್ಟಿದವರ ಹೆಸರಿಲ್ಲ, ಹುಟ್ಟಿದ ಊರಿನ ಗುರುತಿಲ್ಲ. ಆದರೂ ರಷ್ಯನ್ ಮಾತಾಡುವವರ ಮುಂದೆ ಇದರ ಮೊದಲ ಸಾಲು ಎತ್ತಿದರೆ ಸಾಕು, ಉಳಿದದ್ದನ್ನು ಅವರೇ ನಗುತ್ತ ಮುಗಿಸಿಬಿಡುತ್ತಾರೆ.

ಇಂಥ ಪದ್ಯಕ್ಕೆ ಚಸ್ತುಷ್ಕಾ ಎಂದು ಹೆಸರು. ಸಾಮಾನ್ಯವಾಗಿ ನಾಲ್ಕೇ ಸಾಲು, ಸಾಲಿಗೆ ಏಳೋ ಎಂಟೋ ಅಕ್ಷರ. ಎರಡನೆಯ ಸಾಲಿಗೂ ನಾಲ್ಕನೆಯದಕ್ಕೂ ಪ್ರಾಸ ಕೂಡಿದರೆ ಕೆಲಸ ಆಯಿತು. ಎರಡೆರಡು ಸಾಲಿಗೆ ಜೋಡಿ ಪ್ರಾಸ ಇಡುವುದೂ ಉಂಟು. ಒಂದಕ್ಷರ ಬಿಟ್ಟು ಒಂದಕ್ಷರದ ಮೇಲೆ ಒತ್ತು ಬೀಳುವುದರಿಂದ ಓದುವಾಗಲೇ ಕಾಲು ತಾಳ ಹಾಕತೊಡಗುತ್ತದೆ. ಹಾಡಿ ಮುಗಿಸಲು ಹೆಚ್ಚೆಂದರೆ ಹತ್ತು ಹದಿನೈದು ಸೆಕೆಂಡು. ಮೊದಲೆರಡು ಸಾಲಿನಲ್ಲಿ ಏನೋ ಒಂದು ಚಿತ್ರ, ಮೂರನೆಯದರಲ್ಲಿ ತಿರುವು, ನಾಲ್ಕನೆಯದರಲ್ಲಿ ಏಟು. (ಈ ಲೇಖನದ ಪದ್ಯಗಳ ಕನ್ನಡ ರೂಪ ನನ್ನದೇ. ಪ್ರಾಸಕ್ಕಾಗಿ ಅಲ್ಲಲ್ಲಿ ಒಂದೆರಡು ಪದ ಎಳೆದಾಡಿದ್ದೇನೆ, ಅರ್ಥಕ್ಕೆ ಕೈಹಚ್ಚಿಲ್ಲ.)

ಚಸ್ತುಷ್ಕಾವನ್ನು ಪರಿಚಯಿಸುವವರು ಸಾಮಾನ್ಯವಾಗಿ 'ರಷ್ಯದ ಹಾಸ್ಯ ಜಾನಪದ ಗೀತೆ' ಎಂದು ಹೇಳಿ ಮುಂದೆ ಹೋಗುತ್ತಾರೆ. ಹಾಗೆಂದರೆ ಅರ್ಧ ಹೇಳಿದಂತೆ. ಇದನ್ನು ಯಾರೂ ಸುಮ್ಮನೆ ಹಾಡುವುದಿಲ್ಲ, ಯಾರದೋ ಮೇಲೆ ಹಾಡುತ್ತಾರೆ. ಹಾಡುವವರು ಯಾರು, ಎದುರಿಗೆ ನಿಂತವರು ಯಾರು ಎಂಬುದನ್ನು ಬಿಟ್ಟು ನೋಡಿದರೆ ಉಳಿಯುವುದು ಒಂದು ಸಾಧಾರಣ ನಗೆಹನಿ. ರಷ್ಯದ ನೂರೈವತ್ತು ವರ್ಷಗಳ ಇತಿಹಾಸದುದ್ದಕ್ಕೂ ಈ 'ಎದುರಿಗೆ ನಿಂತವರು' ಬದಲಾಗುತ್ತ ಹೋದರು. ಚಸ್ತುಷ್ಕಾದ ಕತೆಯೆಲ್ಲ ಅದರಲ್ಲೇ ಇದೆ.

ಮೊದಲು ಹಳ್ಳಿಗೆ ಹೋಗೋಣ. ಹಬ್ಬದ ಸಂಜೆ, ಇಲ್ಲವೇ ಭಾನುವಾರ. ಊರ ಬೀದಿಯಲ್ಲಿ ಹುಡುಗ ಹುಡುಗಿಯರು ಸೇರಿದ್ದಾರೆ. ಮಧ್ಯದಲ್ಲಿ ಬೆಂಚಿನ ಮೇಲೆ ಗರ್ಮೋನ್ ನುಡಿಸುವವನು. ಗರ್ಮೋನ್ ಎಂದರೆ ಎರಡು ಕೈಯ ನಡುವೆ ತಿದಿಯನ್ನು ಎಳೆದು ಒತ್ತಿ, ಗುಂಡಿಗಳನ್ನು ಅದುಮಿ ನುಡಿಸುವ ವಾದ್ಯ; ಒಳಗೆ ದನಿ ಹೊರಡಿಸುವುದು ನಮ್ಮ ಪೇಟಿಯಲ್ಲಿರುವಂಥದೇ ಲೋಹದ ಪಟ್ಟಿಗಳು. ಅವನು ಒಂದೇ ಚಿಕ್ಕ ಮಟ್ಟನ್ನು ನಿಲ್ಲಿಸದೆ ಸುತ್ತಿ ಸುತ್ತಿ ನುಡಿಸುತ್ತಿರುತ್ತಾನೆ. ಹುಡುಗಿಯೊಬ್ಬಳು ಗುಂಪಿನಿಂದ ಹೊರಬಂದು, ಹಿಮ್ಮಡಿಯಿಂದ ನೆಲ ಕುಟ್ಟುತ್ತ ಒಂದು ಸುತ್ತು ಹಾಕಿ, ತನಗೆ ಆಗದವಳ ಎದುರಿಗೆ ಹೋಗಿ ನಿಂತು ಪದ್ಯ ಎಸೆಯುತ್ತಾಳೆ: ನಿನ್ನ ಹೊಸ ಲಂಗ ಸಾಲ ತಂದದ್ದು, ನಿನ್ನ ನಲ್ಲ ನಿನ್ನೆ ನನ್ನ ಹಿಂದೆ ಬಂದಿದ್ದ. ಎಸೆದವಳು ಮತ್ತೆ ನೆಲ ಕುಟ್ಟುತ್ತಿರುವಷ್ಟು ಹೊತ್ತು ಎದುರಾಳಿಗೆ ಸಿಕ್ಕ ಬಿಡುವು. ಅಷ್ಟರಲ್ಲಿ ಅವಳು ಉತ್ತರ ಹೊಂದಿಸಿಕೊಂಡು ತಾನೂ ಹೊರಗೆ ಬರಬೇಕು. ಮದುವೆಮನೆಯಲ್ಲಿ ಬೀಗರ ಹಾಡು ಹೇಳಿ ಬೀಗಿತ್ತಿಯ ಮಾನ ಕಳೆಯುವ ನಮ್ಮ ಹೆಂಗಸರನ್ನು ಕಂಡವರಿಗೆ ಈ ಆಟದ ನಿಯಮ ಬೇರೆ ಹೇಳಬೇಕಿಲ್ಲ.

ಗಂಡಸರ ಚಸ್ತುಷ್ಕಾದ ಗತ್ತು ಬೇರೆ. ಪ್ಸ್ಕೋವ್, ನವ್ಗೊರೊದ್ ಕಡೆಯ ವಾಯವ್ಯ ಸೀಮೆಯಲ್ಲಿ ಹೊಡೆದಾಟಕ್ಕೆಂದೇ ಬೇರೆ ಮಟ್ಟು ಇತ್ತು. ಒಂದೂರಿನ ಪಡ್ಡೆ ಹುಡುಗರು ಗರ್ಮೋನಿನವನನ್ನು ಮುಂದಿಟ್ಟುಕೊಂಡು, ಇನ್ನೊಂದೂರಿನ ಬೀದಿಯಲ್ಲಿ ಸಾಲಾಗಿ ನಡೆಯುತ್ತ, 'ಬನ್ನಿ ನೋಡೋಣ' ಎಂಬರ್ಥದ ಪದ್ಯಗಳನ್ನು ಒಂದಾದ ಮೇಲೊಂದು ಬಿಡುತ್ತಿದ್ದರು. ಅಲ್ಲಿ ಉತ್ತರ ಹಾಡಿನಲ್ಲೇ ಬರುತ್ತದೆ ಎಂಬ ಭರವಸೆ ಇರಲಿಲ್ಲ.

ಗರ್ಮೋನ್ ನುಡಿಸುವವನಿಗೆ ಊರಲ್ಲಿ ಇದ್ದ ಬೆಲೆ ಬೇರೆ ಯಾವ ಹುಡುಗನಿಗೂ ಇರಲಿಲ್ಲ. ಅವನು ಏಳದೆ ಕೂತರೆ ಸಂಜೆ ಉಳಿಯಿತು, ಎದ್ದು ಹೋದರೆ ಮುಗಿಯಿತು. ಹಾಗಾಗಿ ಹುಡುಗಿಯರು ಅವನನ್ನು ಹೊಗಳುವ, ಕೆಣಕುವ ಪದ್ಯಗಳು ರಾಶಿ ರಾಶಿ ಇವೆ. ಅದರಲ್ಲಿ ಎಲ್ಲರ ಬಾಯಲ್ಲೂ ಇರುವುದು ಇದು:

ಗರ್ಮೋನ್ ನುಡಿಸೋ ಚೆಲುವಯ್ಯಾ,
ಕೆಳಗೆ ನನ್ನ ಮಲಗಿಸಯ್ಯಾ;
ಎದ್ದು ನಿಂತು ನೋಡ್ತೀನಿ,
ಚೆಂದ ಮಲಗಿದ್ದೀನಾ ಅಯ್ಯಾ?

ಮಲಗಿದವಳೇ ಎದ್ದು ನಿಂತು ತಾನು ಹೇಗೆ ಮಲಗಿದ್ದೇನೆಂದು ನೋಡುವುದು ಹೇಗೆ? ಪೋಲಿ ಮಾತು ಎಂದು ಮುಖ ಸಿಂಡರಿಸುವ ಮೊದಲೇ ಮಾತು ತರ್ಕ ತಪ್ಪಿ ಅಡ್ಡಾದಿಡ್ಡಿ ಓಡಿರುತ್ತದೆ. ಚಸ್ತುಷ್ಕಾಕ್ಕೆ ಇಂಥ ಅಸಂಬದ್ಧ ಬಲು ಇಷ್ಟ. ಮುತ್ತು ಕೊಡದ ನಲ್ಲನ ಮೇಲಿನ ಈ ದೂರನ್ನು ನೋಡಿ:

ಮುತ್ತು ಕೊಡೋ ಅಂದ್ರೆ ನಲ್ಲ
ಆಮೇಲ್ ಆಮೇಲ್ ಅಂತಾನಲ್ಲ!
ಒಲೆ ಮ್ಯಾಲೆ ಬೆಕ್ಕಿನ ಕೂಡ
ರೂಢಿ ಮಾಡ್ತಾ ಕುಂತಾನಲ್ಲ!

ರಷ್ಯದ ಹಳ್ಳಿಮನೆಯ ಒಲೆ ನಮ್ಮ ಒಲೆಯಂತಲ್ಲ. ಅರ್ಧ ಕೋಣೆ ತುಂಬುವ ಇಟ್ಟಿಗೆ ಕಟ್ಟಡ ಅದು. ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ ಮನೆಮಂದಿ ಮಲಗುತ್ತಾರೆ, ಬೆಕ್ಕಂತೂ ಇಳಿಯುವುದೇ ಇಲ್ಲ.

ಇಷ್ಟು ಚುರುಕಾಗಿ ಅಷ್ಟೊಂದು ಪದ್ಯ ಹೇಗೆ ಹೊಳೆಯುತ್ತಿತ್ತು? ಎಲ್ಲವೂ ಆ ಕ್ಷಣಕ್ಕೆ ಹುಟ್ಟಿದ್ದಲ್ಲ. ಪ್ರತಿಯೊಬ್ಬರ ಬಳಿಯೂ ಸಿದ್ಧ ಆರಂಭಗಳ ಒಂದು ಗಂಟು ಇರುತ್ತಿತ್ತು: 'ಆಕಾಶದಿಂದ ಚುಕ್ಕಿ ಬಿತ್ತು', 'ನನ್ನ ನಲ್ಲನಂತೂ', 'ಗೆಳತೀ, ಕೇಳು'. ಮೊದಲೆರಡು ಸಾಲನ್ನು ಆ ಗಂಟಿನಿಂದ ತೆಗೆದು ಹಾಡುವಷ್ಟರಲ್ಲಿ ಕೊನೆಯ ಎರಡು ಸಾಲಿನ ಪ್ರಾಸ ಸಿಕ್ಕಿರುತ್ತಿತ್ತು. ಒಂದು ಆರಂಭಕ್ಕೆ ಇಪ್ಪತ್ತು ಮುಕ್ತಾಯ, ಒಂದು ಮುಕ್ತಾಯಕ್ಕೆ ಐದಾರು ಆರಂಭ. ಕೇಳುಗರಿಗೂ ಆರಂಭ ಗೊತ್ತು, ಹಾಗಾಗಿ ಅವರ ಕಿವಿಯೆಲ್ಲ ಕೊನೆಯ ಪದಕ್ಕೆ ಕಾದಿರುತ್ತದೆ. ಈ ಕಾಯುವಿಕೆಯನ್ನು ಹಾಡುವವರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಇಷ್ಟೆಲ್ಲ ಕೇಳಿದರೆ ಯಾವುದೋ ಪುರಾತನ ಸಂಪ್ರದಾಯ ಇರಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ಚಸ್ತುಷ್ಕಾ ಹೆಚ್ಚುಕಡಿಮೆ ರೈಲಿನ ಓರಗೆಯದು. 1861ರಲ್ಲಿ ಜೀತ ರದ್ದಾಯಿತು; ಯುವಕರು ದುಡಿಮೆಗಾಗಿ ಕಾರ್ಖಾನೆಗೆ, ಪಟ್ಟಣಕ್ಕೆ ಹೋಗಿ ಬರತೊಡಗಿದರು; ತೂಲಾ ನಗರದ ಕುಶಲಕರ್ಮಿಗಳು ಗರ್ಮೋನನ್ನು ಹಳ್ಳಿಯವನ ಕೈಗೆಟಕುವಂತೆ ಮಾಡಿದರು. ಅದಕ್ಕೆ ಮುಂಚೆ ರೈತರು ಹಾಡುತ್ತಿದ್ದದ್ದು ಉದ್ದನೆಯ, ಎಳೆದೆಳೆದು ಹಾಡುವ, ಊರೇ ಒಂದಾಗಿ ದನಿಗೂಡಿಸುವ ಗೀತೆಗಳನ್ನು. ಹೊಸ ಪದ್ಯದಲ್ಲಿ ಊರು ಹಿಂದೆ ಸರಿದು 'ನಾನು' ಮುಂದೆ ಬಂತು: ನನ್ನ ನಲ್ಲ, ನನ್ನ ಸಿಟ್ಟು, ನನ್ನ ಹೊಸ ಬೂಟು. ಬೇರೆ ಬೇರೆ ಸೀಮೆಯಲ್ಲಿ ಅದಕ್ಕೆ ಬೇರೆ ಬೇರೆ ಹೆಸರಿತ್ತು. ಚಸ್ತುಷ್ಕಾ ಎಂಬ ಹೆಸರನ್ನು ಅಚ್ಚಿಗೆ ತಂದು ಚಲಾವಣೆಗೆ ಬಿಟ್ಟವನು ಲೇಖಕ ಗ್ಲೇಬ್ ಉಸ್ಪೆನ್ಸ್ಕಿ, 1889ರಲ್ಲಿ, ಹಳ್ಳಿಯ ಹೊಸ ಹಾಡುಗಳ ಬಗ್ಗೆ ಬರೆದ ಒಂದು ಲೇಖನದಲ್ಲಿ.

ಓದುಬರಹ ಬಲ್ಲ ಮಂದಿ ಇಬ್ಭಾಗವಾದರು. ಹಳೆಯ ಗಂಭೀರ ಹಾಡು ಸಾಯುತ್ತಿದೆ, ಅದರ ಜಾಗಕ್ಕೆ ಈ ಚಿಲ್ಲರೆ ಸರಕು ಬಂದಿದೆ ಎಂದು ಒಂದು ಪಂಗಡ ಮರುಗಿತು. ಅವರಲ್ಲಿ ಅತಿ ದೊಡ್ಡ ದನಿ ಒಪೆರಾ ಗಾಯಕ ಫ್ಯೋದರ್ ಶಲ್ಯಾಪಿನ್‌ನದು. ದೇಶ ಬಿಟ್ಟು ಪ್ಯಾರಿಸ್ ಸೇರಿದ ಮೇಲೆ 1932ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಅವನು ಚಸ್ತುಷ್ಕಾವನ್ನು ಸಹಿಸಲಾಗದ ಅಗ್ಗದ ಸರಕೆಂದು ಝಾಡಿಸುತ್ತಾನೆ. ಜನ ಇದನ್ನೇಕೆ ಹಾಡತೊಡಗಿದರು? ತಪ್ಪು ಕಾರ್ಖಾನೆಯದೇ, ಬೂಟಿನ ಮೇಲೆ ತೊಡುವ ಮಿರುಗುವ ರಬ್ಬರು ಜೋಡು ಗಲೋಷುಗಳದೇ, ಸುಡುಬೇಸಗೆಯಲ್ಲೂ ಕುತ್ತಿಗೆಗೆ ಸುತ್ತಿಕೊಳ್ಳುವ ಉಣ್ಣೆಯ ಮಫ್ಲರಿನದೇ, ಇಲ್ಲವೇ ಆ ಹಾಳು ಜರ್ಮನ್ ವಾದ್ಯ ಗರ್ಮೋನಿನದೇ ಎಂದು ಪಟ್ಟಿ ಮಾಡುತ್ತಾನೆ. ಅವನ ಸಂಕಟ ನಿಜವಾದದ್ದೇ. ಆದರೆ ನನಗೆ ಆ ಪಟ್ಟಿಯೇ ಚಸ್ತುಷ್ಕಾದ ಅತ್ಯುತ್ತಮ ವಿವರಣೆಯಂತೆ ಕಾಣುತ್ತದೆ. ಗಲೋಷು, ಮಫ್ಲರು, ಗರ್ಮೋನು ಇವೇ ಆ ಪದ್ಯಗಳ ಒಳಗೆ ತುಂಬಿರುವ ಸಾಮಾನು. ಸ್ವಂತ ದುಡಿಮೆಯ ಕಾಸಿನಲ್ಲಿ ಮೊದಲ ಸಲ ಅಂಗಡಿಯ ವಸ್ತು ಕೊಂಡವರ ಹಾಡು ಅದು.

ಇನ್ನೊಂದು ಪಂಗಡ ಕಿವಿಗೊಟ್ಟು ಕೇಳಿ ಬರೆದುಕೊಂಡಿತು. ಮುಂದೆ ಪಾದ್ರಿಯಾಗಿ, ದಾರ್ಶನಿಕನಾಗಿ, ಗಣಿತಜ್ಞನಾಗಿ ಹೆಸರಾದ ಪಾವೆಲ್ ಫ್ಲೊರೆನ್ಸ್ಕಿ ಕೊಸ್ತ್ರೊಮಾ ಪ್ರಾಂತದ ನೆರೆಖ್ತಾ ತಾಲೂಕಿನ ಚಸ್ತುಷ್ಕಾಗಳನ್ನು ಸಂಗ್ರಹಿಸಿ 1909ರಲ್ಲಿ ಪುಸ್ತಕ ತಂದ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಸಿಮಕೋವ್, ಎಲಿಯೋನ್ಸ್ಕಯಾ ಅವರ ದಪ್ಪ ಸಂಕಲನಗಳೂ ಬಂದವು. ಕವಿ ಸೆರ್ಗೆಯ್ ಯೆಸೆನಿನ್ ಕೂಡ ತನ್ನೂರಿನ ಕಡೆಯ ಪದ್ಯಗಳನ್ನು ಕಲೆಹಾಕಿ 1918ರಲ್ಲಿ ಪತ್ರಿಕೆಗೆ ಕೊಟ್ಟ.

ಅಷ್ಟು ಹೊತ್ತಿಗೆ ಕ್ರಾಂತಿ ಆಗಿತ್ತು, ಎದುರಿಗೆ ನಿಂತವರೂ ಬದಲಾಗಿದ್ದರು. ಅಂತರ್ಯುದ್ಧದ ಕಾಲದಲ್ಲಿ ಎಲ್ಲ ಪಕ್ಷದವರೂ ಹಾಡಿದ ಒಂದು ಪದ್ಯ 'ಯಾಬ್ಲಚ್ಕೊ', ಅಂದರೆ ಪುಟ್ಟ ಸೇಬು:

ಸೇಬೇ, ಸೇಬೇ, ಎತ್ತ ಹೊರಟೆ ಉರುಳಿ?
ನನ್ನ ಬಾಯಿಗೆ ಬಿದ್ದರೆ ಬರಲಾರೆ ಮರಳಿ!

ಇದರ ಚಾಲಾಕಿತನ ಎರಡನೆಯ ಸಾಲಿನಲ್ಲಿದೆ. 'ನನ್ನ ಬಾಯಿ' ಇರುವ ಜಾಗಕ್ಕೆ ಏನು ಬೇಕಾದರೂ ಕೂರುತ್ತದೆ. 'ಚೇಕಾ' ಎಂದು ಕೂರಿಸಿದರೆ ಅಧಿಕಾರ ಹಿಡಿದ ಬೊಲ್ಷೆವಿಕರ ಗುಪ್ತ ಪೊಲೀಸರ ಕೈಗೆ ಸಿಕ್ಕವರು ಮರಳುವುದಿಲ್ಲ ಎಂದಾಯಿತು. ಉಕ್ರೇನಿನಲ್ಲಿ ಅರಾಜಕತಾವಾದಿ ಮಖ್ನೊನ ಹೆಸರು ಕೂರಿಸಿದರೆ ಇನ್ನೊಂದು ಅರ್ಥ. ಬೊಲ್ಷೆವಿಕರ ಕೆಂಪು ಪಡೆಗೆ ಒಂದು, ಅವರ ವಿರೋಧಿಗಳ ಬಿಳಿ ಪಡೆಗೆ ಒಂದು, ನಾವಿಕರಿಗೆ ಒಂದು. ಊರು ಕೈಬದಲಾದಂತೆ ಹೆಸರು ಬದಲಾಗುತ್ತಿತ್ತು, ಮಟ್ಟು ಅದೇ. ಈ ಮಟ್ಟು 1927ರಲ್ಲಿ ಸಂಗೀತಗಾರ ಗ್ಲಿಯೇರ್‌ನ ಬ್ಯಾಲೆಯೊಂದರಲ್ಲಿ ನಾವಿಕರ ಕುಣಿತವಾಗಿ ಸೇರಿಕೊಂಡು, ಅಲ್ಲಿಂದ ಜಗತ್ತಿನ ಆರ್ಕೆಸ್ಟ್ರಾಗಳಿಗೆಲ್ಲ ಹೋಯಿತು. ಮಾತು ಉದುರಿಹೋದದ್ದರಿಂದ ಅದರಲ್ಲಿ ಯಾರಿಗೂ ಈಗ ಚೇಕಾದ ನೆನಪು ಬರುವುದಿಲ್ಲ.

ಕವಿಗಳೂ ಬೀದಿಯ ಈ ಲಯಕ್ಕೆ ಕಿವಿ ತೆರೆದರು. ಅಲೆಕ್ಸಾಂದರ್ ಬ್ಲೋಕ್ 1918ರ ಜನವರಿಯಲ್ಲಿ ಬರೆದ 'ಹನ್ನೆರಡು ಮಂದಿ' ಕಾವ್ಯದಲ್ಲಿ ಹಿಮಗಾಳಿಯ ಪೆತ್ರೊಗ್ರಾದಿನ ನಡುವೆ ಚಸ್ತುಷ್ಕಾ ಥಳ್ಳನೆ ಎದ್ದು ಬರುತ್ತದೆ. ಸಾಂಕೇತಿಕ ಕಾವ್ಯದ ನಾಜೂಕು ಕವಿ ಎಂದು ಬ್ಲೋಕ್‌ನನ್ನು ಪೂಜಿಸುತ್ತಿದ್ದವರಿಗೆ ಅದು ಕೆನ್ನೆಗೆ ಹೊಡೆದಂತಾಯಿತು.

ಹೊಸ ಸರ್ಕಾರಕ್ಕೆ ಚಸ್ತುಷ್ಕಾದ ಕಸುವು ಬೇಗ ತಿಳಿಯಿತು. ಅಕ್ಷರ ಬಾರದವರಿಗೂ ಮುಟ್ಟುವ ನಾಲ್ಕು ಸಾಲು, ಒಮ್ಮೆ ಕೇಳಿದರೆ ಮರೆಯುವುದಿಲ್ಲ, ಖರ್ಚಿಲ್ಲ. 1923ರಲ್ಲಿ ಶುರುವಾದ 'ನೀಲಿ ಅಂಗಿ' ಎಂಬ ಪ್ರಚಾರ ನಾಟಕ ತಂಡಗಳು ಸುದ್ದಿಯನ್ನೇ ಚಸ್ತುಷ್ಕಾ ಮಾಡಿ ಹಾಡಿದವು. ಮುಂದೆ ಟ್ರ್ಯಾಕ್ಟರು, ಸಾಮೂಹಿಕ ಬೇಸಾಯ, ಹಾಲು ಕರೆಯುವಲ್ಲಿ ದಾಖಲೆ ಮಾಡಿದ ಹುಡುಗಿ ಎಲ್ಲದಕ್ಕೂ ಪದ್ಯ ಬಂತು. ಟೀಕೆಗೂ ಅವಕಾಶ ಇತ್ತು, ಆದರೆ ಮಟ್ಟ ನೋಡಿಕೊಂಡು: ಸೋಮಾರಿ ಕೆಲಸಗಾರ, ಕುಡುಕ ಉಗ್ರಾಣಿ, ಕಡತ ಸರಿಸದ ಗುಮಾಸ್ತ, ಮೇಲೆಂದರೆ ಸಾಮೂಹಿಕ ಕೃಷಿಕೇಂದ್ರದ ಅಧ್ಯಕ್ಷ. ಅದಕ್ಕಿಂತ ಎತ್ತರಕ್ಕೆ ಏಟು ಹಾರುವಂತಿರಲಿಲ್ಲ. ಆ ಕಾಲದ ಸರ್ಕಾರಿ ಚಸ್ತುಷ್ಕಾಗಳನ್ನು ಇವತ್ತು ಓದಿದರೆ ಪ್ರಾಸವೆಲ್ಲ ಸರಿಯಾಗಿದೆ, ಏಟು ಮಾತ್ರ ಯಾರಿಗೂ ತಾಗುವುದಿಲ್ಲ. ನಾಲ್ಕನೆಯ ಸಾಲಿನಲ್ಲಿ ಏನು ಬರುತ್ತದೆಂದು ಮೊದಲನೆಯದರಲ್ಲೇ ಗೊತ್ತಾಗಿರುತ್ತದೆ.

ಏಟು ಉಳಿದದ್ದು ಇನ್ನೊಂದು ಕಡೆ. 1934ರ ಡಿಸೆಂಬರ್ 1ರಂದು ಲೆನಿನ್‌ಗ್ರಾದಿನ ಪಕ್ಷದ ಮುಖಂಡ ಸೆರ್ಗೆಯ್ ಕಿರೋವ್‌ನನ್ನು ಸ್ಮೋಲ್ನಿ ಕಟ್ಟಡದ ಕಾರಿಡಾರಿನಲ್ಲಿ ನಿಕೊಲಾಯೆವ್ ಎಂಬವನು ಗುಂಡಿಟ್ಟು ಕೊಂದ. ಕೊಲೆಯ ಹಿಂದೆ ಸ್ಟಾಲಿನ್ ಇದ್ದ ಎಂಬ ಮಾತು ಇತಿಹಾಸಕಾರರಲ್ಲಿ ಇವತ್ತಿಗೂ ಸಾಬೀತಾಗಿಲ್ಲ. ಬೀದಿಯ ಪದ್ಯಕ್ಕೆ ಸಾಬೀತು ಬೇಕಿರಲಿಲ್ಲ: 'ಅಗುರ್ಚಿಕಿ, ಪಮಿದೋರ್ಚಿಕಿ, ಸ್ತಾಲಿನ್ ಕೀರವಾ ಉಬೀಲ್ ಫ್ ಕರಿದೋರ್ಚಿಕೆ.' ಎಳೆ ಸೌತೆಕಾಯಿ, ಪುಟ್ಟ ಟೊಮೇಟೊ, ಸ್ಟಾಲಿನ್ ಕಿರೋವನನ್ನು ಪುಟಾಣಿ ಕಾರಿಡಾರಿನಲ್ಲಿ ಕೊಂದ. ತರಕಾರಿಗೆ ಹಚ್ಚುವ ಮುದ್ದಿನ ಪ್ರತ್ಯಯವನ್ನೇ ಕೊಲೆಯ ಜಾಗಕ್ಕೂ ಹಚ್ಚಿದ್ದಾರೆ. ಮಕ್ಕಳ ಪದ್ಯದಂತೆ ಕೇಳುವ ಈ ಮಾತಿನಿಂದಲೇ ಮೈ ಜುಮ್ಮೆನ್ನುತ್ತದೆ.

ಇದನ್ನು ತಪ್ಪು ಕಿವಿಗೆ ಬೀಳುವಂತೆ ಹಾಡಿದರೆ ದಂಡ ಸಂಹಿತೆಯ 58ನೆಯ ವಿಧಿ, 10ನೆಯ ಕಲಮು ಕಾಯುತ್ತಿತ್ತು: ಸೋವಿಯತ್ ವಿರೋಧಿ ಪ್ರಚಾರ. ನಾಲ್ಕು ಸಾಲಿಗೆ ವರ್ಷಗಟ್ಟಲೆ ಶಿಬಿರವಾಸ ಉಂಡವರಿದ್ದಾರೆ. ವಿಪರ್ಯಾಸ ಎಂದರೆ, ಆ ಕಾಲದ ನಿಜವಾದ ಚಸ್ತುಷ್ಕಾಗಳನ್ನು ನಮಗಾಗಿ ಉಳಿಸಿಕೊಟ್ಟವರಲ್ಲಿ ಗುಪ್ತ ಪೊಲೀಸರೂ ಇದ್ದಾರೆ. ಜನರ ಮನಃಸ್ಥಿತಿಯ ಬಗ್ಗೆ ಮೇಲಕ್ಕೆ ಕಳಿಸುತ್ತಿದ್ದ ಗೋಪ್ಯ ವರದಿಗಳಲ್ಲಿ ಮಾಹಿತಿದಾರರು ಕೇಳಿದ ಪದ್ಯಗಳನ್ನು ಚಾಚೂ ತಪ್ಪದೆ ಬರೆದಿದ್ದಾರೆ. ಕಿರೋವ್ ಸತ್ತ ಕೆಲವೇ ವಾರಗಳಲ್ಲಿ ಬ್ರೆಡ್ಡಿನ ಪಡಿತರ ಚೀಟಿ ರದ್ದಾದದ್ದನ್ನು ಹಿಡಿದು, ಕಿರೋವನನ್ನು ಕೊಂದದ್ದಕ್ಕೆ ಚೀಟಿ ಇಲ್ಲದೆ ಬ್ರೆಡ್ ಸಿಕ್ಕಿತು, ಸ್ಟಾಲಿನ್‌ನನ್ನು ಕೊಂದರೆ ಸಾಮೂಹಿಕ ಬೇಸಾಯವೇ ಹೋದೀತು ಎಂದು ಲೆಕ್ಕ ಹಾಕುವ ಪದ್ಯ ಸಿಕ್ಕಿರುವುದು ಅಂಥ ಕಡತದಲ್ಲೇ. ವಿದ್ವಾಂಸನೊಬ್ಬ ಹಳ್ಳಿಗೆ ಹೋಗಿ ಕೇಳಿದ್ದರೆ ಯಾರು ಹಾಡುತ್ತಿದ್ದರು?

ಯುದ್ಧ ಬಂತು. ಗಂಡಸರು ರಣಕ್ಕೆ ಹೋದರು, ಬೀದಿಯ ವೃತ್ತದಲ್ಲಿ ಹೆಂಗಸರೇ ಉಳಿದರು. ಕುಣಿತ ನಿಲ್ಲಲಿಲ್ಲ, ಮಟ್ಟು ಬದಲಾಗಲಿಲ್ಲ. 1945ರ ನಂತರದ ಒಂದು ಪದ್ಯ:

ಯುದ್ಧವೇನೋ ಮುಗಿದೇ ಹೋಯ್ತು,
ಒಂಟಿಯಾಗಿ ಉಳಿದೆ ನಾನು;
ಕುದುರೆ ನಾನು, ಎತ್ತು ನಾನು,
ಹೆಣ್ಣೂ ನಾನು, ಗಂಡೂ ನಾನು.

ಇದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಕುದುರೆಗಳನ್ನು ಸೈನ್ಯ ಒಯ್ದಿತ್ತು, ಟ್ರ್ಯಾಕ್ಟರಿಗೆ ಎಣ್ಣೆ ಇರಲಿಲ್ಲ, ಎಷ್ಟೋ ಕಡೆ ಹೆಂಗಸರೇ ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆದರು. ಯುದ್ಧದಲ್ಲಿ ಸುಮಾರು 2.7 ಕೋಟಿ ಸೋವಿಯತ್ ಪ್ರಜೆಗಳು ಸತ್ತರು, ಅದರಲ್ಲಿ ದುಡಿಯುವ ವಯಸ್ಸಿನ ಗಂಡಸರು ಅಪಾರ. ಆದರೂ ಇದನ್ನು ಶೋಕಗೀತೆಯಂತೆ ಹಾಡುವುದಿಲ್ಲ. ನಲ್ಲನ ಮುಖವನ್ನು ಆಡಿಕೊಂಡ ಅದೇ ಕುಣಿತದ ಲಯದಲ್ಲಿ, ನೆಲ ಕುಟ್ಟುತ್ತಲೇ ಹಾಡುತ್ತಾರೆ. ಎದುರಿಗೆ ಯಾರೂ ನಿಂತಿಲ್ಲ, ನಿಲ್ಲಬೇಕಾದವನೇ ಮರಳಿಲ್ಲ. ಚಸ್ತುಷ್ಕಾ ಎಂದರೆ ಬರೀ ನಗೆ ಎಂದುಕೊಂಡವರಿಗೆ ನಾನು ತೋರಿಸುವ ಪದ್ಯ ಇದೇ.

ಅದೇ ಹೆಂಗಸರು ಮುಂದೆ ಇದನ್ನೂ ಹಾಡಿದರು:

ಆಕಾಶದಿಂದ ಚುಕ್ಕಿ ಬಿತ್ತು,
ನಲ್ಲನ ಚಡ್ಡಿಯೊಳಗೇ ಬಿತ್ತು;
ಇದ್ದದ್ದೆಲ್ಲ ಹರಿದೇ ಹೋಗ್ಲಿ,
ಯುದ್ಧ ಒಂದು ಬಾರದಿರ್ಲಿ!

'ಯುದ್ಧ ಒಂದು ಬಾರದಿದ್ದರೆ ಸಾಕು' ಎಂಬುದು ಯುದ್ಧೋತ್ತರ ಸೋವಿಯತ್ ಮನೆಮನೆಯ ಮಾತು. ಅಂಗಡಿಯಲ್ಲಿ ಮಾಂಸ ಇಲ್ಲವೇ, ಮನೆಗೆ ಬಿಸಿನೀರು ಬರಲಿಲ್ಲವೇ, ಅಜ್ಜಿಯರು ಅದನ್ನೇ ಹೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಮನಸ್ಸಿನಾಳದಿಂದ ಬಂದ ಮಾತು, ಸರ್ಕಾರಕ್ಕೂ ಅನುಕೂಲವಾದ ಮಾತು. ಪದ್ಯ ಎರಡನ್ನೂ ಒಟ್ಟಿಗೆ ಹಿಡಿದು ಚಡ್ಡಿಯೊಳಗೆ ಹಾಕಿದೆ.

ಸ್ಟಾಲಿನ್ ಸತ್ತ ಮೇಲೆ ಹೆದರಿಕೆ ಒಂದಿಷ್ಟು ಇಳಿಯಿತು, ಹೆಸರು ಹಿಡಿದು ಹಾಡುವುದು ಶುರುವಾಯಿತು. 1953ರ ಜೂನ್‌ನಲ್ಲಿ ಗುಪ್ತ ಪೊಲೀಸ್ ಮುಖ್ಯಸ್ಥ ಬೇರಿಯಾನ ಬಂಧನವಾಯಿತು:

ಬೇರಿಯಾ, ಬೇರಿಯಾ,
ನಂಬಿಕೆಯಿಂದ ಜಾರಿದೆಯಾ?
ಕಾಮ್ರೇಡ್ ಮಲೆಂಕೋವ್ ಕಾಲೆತ್ತಿ
ಒದ್ದದ್ದೊದ್ದೇ, ನೋಡಿದೆಯಾ!

ಮಲೆಂಕೋವ್ ಎಂದರೆ ಸ್ಟಾಲಿನ್ ನಂತರ ಪ್ರಧಾನಿಯಾದವನು. ಕೆಲವೇ ತಿಂಗಳ ಹಿಂದೆ ಬೇರಿಯಾನ ಹೆಸರನ್ನು ಪಿಸುಗುಟ್ಟಲೂ ಹೆದರುತ್ತಿದ್ದ ಜನ ಅವನು ಅಂಗಳದಲ್ಲಿ ಒದೆ ತಿನ್ನುತ್ತಿರುವ ಹುಡುಗನೇನೋ ಎಂಬಂತೆ ಹಾಡಿದರು. 1961ರಲ್ಲಿ ಗಗಾರಿನ್ ಅಂತರಿಕ್ಷಕ್ಕೆ ಹೋಗಿ ಬಂದಾಗ ಹುಟ್ಟಿದ ಪದ್ಯ ಮೇಲ್ನೋಟಕ್ಕೆ ಹೊಗಳಿಕೆ: ಎಷ್ಟು ಚೆನ್ನ, ನಮ್ಮ ಗಗಾರಿನ್ ಯಹೂದಿಯಲ್ಲ, ತಾತಾರನಲ್ಲ, ಉಜ್ಬೆಕನಲ್ಲ, ಅವನು ನಮ್ಮ ಸೋವಿಯತ್ ಮನುಷ್ಯ! ಜನಾಂಗಗಳ ಸಹೋದರತ್ವದ ಘೋಷಣೆಯ ಒಳಗೆ ಏನಿದೆ ಎಂಬುದನ್ನು ಇಷ್ಟು ಚಿಕ್ಕದಾಗಿ ಬಿಚ್ಚಿಟ್ಟ ಮಾತು ಇನ್ನೊಂದಿಲ್ಲ.

ಸೋವಿಯತ್ ನಾಯಕ ಬ್ರೆಜ್ನೆವ್ ಕಾಲದ ಕೊನೆಗೆ ವೋಡ್ಕಾ ದರ ಏರಿತು. ಆಗ ಹುಟ್ಟಿದ ಪದ್ಯಕ್ಕೆ ನಾಲ್ಕು ಸಾಲು ಸಾಲದೆ ಬೆಳೆಯುತ್ತ ಹೋಯಿತು:

ಮೂರಿತ್ತು, ಐದಾಯ್ತು, ಆದರೂ ಕೊಳ್ತೀವಿ;
ಎಂಟಾದರೂ ಬಿಡೋದಿಲ್ಲ, ಕುಡಿದೇ ಕುಡೀತೀವಿ.
ಇಲ್ಯಿಚ್‌ಗೆ ಹೋಗಿ ಹೇಳಿ, ಹತ್ತಾದರೂ ತಾಳ್ತೀವಿ;
ಇಪ್ಪತ್ತೈದು ಮಾಡಿದರೆ ಅರಮನೆ ಮತ್ತೆ ಹಿಡೀತೀವಿ!

ಇಲ್ಯಿಚ್ ಎಂದರೆ ಇಲ್ಯಾನ ಮಗ. ಬ್ರೆಜ್ನೆವ್‌ನನ್ನೂ ಹಾಗೆ ಕರೆಯುತ್ತಿದ್ದರು, ಲೆನಿನ್‌ನನ್ನೂ ಹಾಗೇ. ಅರಮನೆ ಎಂದರೆ 1917ರಲ್ಲಿ ಬೊಲ್ಷೆವಿಕರು ನುಗ್ಗಿದ ಚಳಿಗಾಲದ ಅರಮನೆ. ನಡುವೆ 'ಪೋಲೆಂಡಿನಲ್ಲಿ ಆದಂತೆ ಆದೀತು' ಎಂಬ ಸಾಲು ಸೇರಿಸಿಯೂ ಹಾಡುತ್ತಿದ್ದರು. ಅಲ್ಲಿ ಆಗ ಕಾರ್ಮಿಕರ ಸಾಲಿದಾರಿಟಿ ಚಳವಳಿ ಎದ್ದಿತ್ತು. ಕ್ರಾಂತಿಯ ಪಠ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅದನ್ನು ಸಾರಾಯಿ ಬೆಲೆಗೆ ಅನ್ವಯಿಸಿಕೊಂಡರು. ಗೋರ್ಬಚೋವ್ ಬಂದಾಗ ಇನ್ನೂ ಚಿಕ್ಕದು ಸಾಕಾಯಿತು: ರಷ್ಯ ತುಂಬ ಓಡುತಿದೆ ಮೂರು ಕುದುರೆ ಗಾಡಿ, ಮಿಷ್ಕಾ, ರಾಯ್ಕಾ, ಪೆರೆಸ್ತ್ರೋಯ್ಕಾ ಮೂರೂ ಕೂಡಿ. ಮಿಷ್ಕಾ ಎಂದರೆ ಮಿಖಾಯಿಲ್ ಗೋರ್ಬಚೋವ್, ರಾಯ್ಕಾ ಅವರ ಹೆಂಡತಿ ರಯೀಸಾ, ಪೆರೆಸ್ತ್ರೋಯ್ಕಾ ಅವರು ತಂದ ಸುಧಾರಣೆ. ಗಂಡನ ಪಕ್ಕದಲ್ಲೇ ಎಲ್ಲೆಡೆ ಕಾಣಿಸಿಕೊಳ್ಳುತ್ತಿದ್ದ ಆಕೆಯ ಬಗ್ಗೆ ಜನರಿಗಿದ್ದ ಅಸಹನೆಯೂ ಅದರಲ್ಲಿ ಕೂತಿದೆ. ಎಲ್ಲ ಚಸ್ತುಷ್ಕಾವೂ ನ್ಯಾಯದ ಪರ ಎಂದೇನಿಲ್ಲ. ಯಹೂದಿಗಳ ಮೇಲೆ, ಪರಜನಾಂಗದವರ ಮೇಲೆ, ಅತ್ತೆಯ ಮೇಲೆ ಹೊಟ್ಟೆಕಿಚ್ಚಿನಿಂದ ಕಟ್ಟಿದ್ದೂ ಸಾಕಷ್ಟಿವೆ.

ಇತ್ತ ವೇದಿಕೆಯ ಮೇಲೆ ಇನ್ನೊಂದು ಚಸ್ತುಷ್ಕಾ ಬೆಳೆಯಿತು, ಅದನ್ನು ಬರೀ ಸರ್ಕಾರಿ ಸರಕು ಎಂದು ತಳ್ಳಿಹಾಕಲಾಗದು. ತಂಬೋವ್ ಕಡೆಯ ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಮರಿಯಾ ಮರ್ದಾಸೊವಾ ಯುದ್ಧದ ನಡುವೆ ಹುಟ್ಟಿದ ವರೋನೆಜ್ ಜಾನಪದ ವೃಂದವನ್ನು ಸೇರಿ, ಚಸ್ತುಷ್ಕಾದ ರಾಣಿ ಎನಿಸಿಕೊಂಡರು. ಎಷ್ಟೋ ಪದ್ಯ ಅವರೇ ಕಟ್ಟಿದ್ದು. ಜೊತೆಗೆ ನುಡಿಸುತ್ತಿದ್ದವರು ಗಂಡ ಇವಾನ್ ರುದೆಂಕೊ. ಹಳೆಯ ಧ್ವನಿಮುದ್ರಣ ಕೇಳಿದರೆ ಅವರ ಗುಟ್ಟು ತಿಳಿಯುತ್ತದೆ: ದನಿ ಎತ್ತರದ್ದು, ಚೂಪಾದದ್ದು, ಆದರೆ ನಾಲ್ಕನೆಯ ಸಾಲನ್ನು ಅವರು ಹಾಡುವುದಕ್ಕಿಂತ ಹೆಚ್ಚಾಗಿ ಆಡುತ್ತಾರೆ, ಎದುರಿಗೆ ಕೂತ ಯಾರಿಗೋ ಹೇಳುವಂತೆ. ಸಭಾಂಗಣದಲ್ಲೂ ಅವರು ಒಬ್ಬರನ್ನು ಆರಿಸಿಕೊಂಡೇ ಹಾಡುತ್ತಿದ್ದಾರೆ ಅನ್ನಿಸುತ್ತದೆ. 1981ರಲ್ಲಿ ಅವರಿಗೆ ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ ಎಂಬ ಬಿರುದು ಬಂತು.

1986ರಲ್ಲಿ ಗೆನ್ನಾದಿ ಜವಲೋಕಿನ್ 'ಇಗ್ರಾಯ್, ಗರ್ಮೋನ್' (ನುಡಿ, ಗರ್ಮೋನೇ) ಎಂಬ ಟಿವಿ ಕಾರ್ಯಕ್ರಮ ಶುರುಮಾಡಿದಾಗ ಕ್ಯಾಮೆರಾ ಹಳ್ಳಿಗಳಿಗೇ ಹೋಯಿತು. ಹಲ್ಲುದುರಿದ ಅಜ್ಜಿಯರು, ಪದಕ ತೊಟ್ಟ ಮುದುಕರು ದೇಶದ ಮುಂದೆ ಹಾಡಿದರು. 2001ರಲ್ಲಿ ಜವಲೋಕಿನ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಮಗಳು ಅನಸ್ತಸಿಯಾ ಅದನ್ನು ಮುಂದುವರಿಸಿದರು. ಮಕ್ಕಳಿಗೆ ಮಾತ್ರ ಚಸ್ತುಷ್ಕಾ ಇನ್ನೂ ಮುಂಚೆಯೇ ಸಿಕ್ಕಿತ್ತು: 1979ರ 'ಹಾರುವ ಹಡಗು' ಎಂಬ ಕಾರ್ಟೂನಿನಲ್ಲಿ ಮುದಿ ಮಾಟಗಾತಿಯರ ದಂಡು ಕುಣಿದು ಹಾಡುತ್ತದೆ. ಯೂರಿ ಎಂತಿನ್ ಸಾಹಿತ್ಯ, ಮಕ್ಸೀಮ್ ದುನಾಯೆವ್ಸ್ಕಿ ಸಂಗೀತ. ಹಳ್ಳಿಯನ್ನೇ ಕಾಣದ ನಗರದ ಮಕ್ಕಳು ಚಸ್ತುಷ್ಕಾ ಎಂದರೆ ಅದೇ ಎಂದುಕೊಂಡು ಬೆಳೆದರು. ಶಾಸ್ತ್ರೀಯ ಸಂಗೀತದಲ್ಲಿ ರದಿಯೋನ್ ಶೆದ್ರಿನ್ 1963ರಲ್ಲಿ 'ತುಂಟ ಚಸ್ತುಷ್ಕಾಗಳು' ಎಂಬ ಆರ್ಕೆಸ್ಟ್ರಾ ಕೃತಿ ರಚಿಸಿದರು. ಅದರಲ್ಲಿ ಒಂದು ಮಾತೂ ಇಲ್ಲ. ಆದರೂ ಒಂದು ವಾದ್ಯ ಇನ್ನೊಂದನ್ನು ಅರ್ಧಕ್ಕೆ ತಡೆದು, ಮೂದಲಿಸಿ, ಸಾಲು ಕಿತ್ತುಕೊಂಡು ಓಡುವುದನ್ನು ಕೇಳಿದರೆ ಬೀದಿಯ ಜಗಳ ಕಣ್ಣಿಗೆ ಕಟ್ಟುತ್ತದೆ.

ಇನ್ನು ಅಚ್ಚಿಗೆ ಬಾರದ ಭಾಗ. ನಿಜ ಹೇಳಬೇಕೆಂದರೆ ರಷ್ಯನ್ನರ ನಾಲಿಗೆ ಮೇಲಿರುವ ಚಸ್ತುಷ್ಕಾಗಳಲ್ಲಿ ಬಹುಪಾಲು ಅಶ್ಲೀಲ. ಅವುಗಳಲ್ಲಿ ಬಳಸುವ ಬೈಗುಳದ ಮಾತಿಗೆ 'ಮಾತ್' ಎಂದು ಹೆಸರಿದೆ. ಅದು ರಷ್ಯನ್ ಭಾಷೆಯ ಒಳಗೇ ಇರುವ ಇನ್ನೊಂದು ಭಾಷೆ. ಸೋವಿಯತ್ ಕಾಲದಲ್ಲಿ ಇವನ್ನು ಅಚ್ಚು ಹಾಕುವ ಮಾತೇ ಇರಲಿಲ್ಲ. ಎ. ದ. ವೋಲ್ಕೋವ್ ಎಂಬವರ ಸಂಗ್ರಹ 1999ರಲ್ಲಿ ಎರಡು ಸಂಪುಟವಾಗಿ ಹೊರಬಂತು: ಒಂದರಲ್ಲಿ ಶೃಂಗಾರ, ಇನ್ನೊಂದರಲ್ಲಿ ರಾಜಕೀಯ. ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದವರಿಗೆ ಎರಡೂ ಒಂದೇ ಬಾಯಿಂದ ಬಂದವು ಎಂಬುದು ಕೂಡಲೇ ತಿಳಿಯುತ್ತದೆ. ಸೋವಿಯತ್ ಲಾಂಛನದ ಮೇಲಿನ ಪ್ರಖ್ಯಾತ ಪದ್ಯವನ್ನೇ ತೆಗೆದುಕೊಳ್ಳಿ: ಎಡಕ್ಕೆ ಸುತ್ತಿಗೆ, ಬಲಕ್ಕೆ ಕುಡುಗೋಲು, ಇದೇ ನಮ್ಮ ಲಾಂಛನ, ಬೇಕಾದರೆ ಕೊಯ್ಯಿ, ಬೇಕಾದರೆ ಬಡಿ, ಕೊನೆಗೆ ನಿನಗೆ ಸಿಗುವುದು ಮಾತ್ರ... ರಷ್ಯನ್ನಿನಲ್ಲಿ 'ಬಡಿ' ಎಂಬ ಪದಕ್ಕೆ ಪ್ರಾಸವಾಗಿ ಇಲ್ಲಿ ಎಲ್ಲರಿಗೂ ಹೊಳೆಯುವ ಪದ ಒಂದೇ, ಅದು ಮೂರಕ್ಷರದ ಗಂಡು ಬೈಗುಳ, 'ಏನೂ ಇಲ್ಲ' ಎಂದೂ ಅದಕ್ಕೆ ಅರ್ಥ. ಹಾಡುವವನು ಅಲ್ಲಿ ನಿಲ್ಲಿಸಿಬಿಡುತ್ತಾನೆ. ಪದ ಎಲ್ಲರ ತಲೆಯಲ್ಲೂ ಸದ್ದು ಮಾಡುತ್ತದೆ, ಬಾಯಿಂದ ಯಾರೂ ಆಡಿರುವುದಿಲ್ಲ.

ಕಾಯುತ್ತಿರುವ ಕಿವಿಯನ್ನು ಬಳಸಿಕೊಳ್ಳುವುದು ಎಂದು ಮೊದಲು ಹೇಳಿದ್ದು ಇದನ್ನೇ. ಕೆಲವು ಸಲ ಬೈಗುಳ ಬರಲೇಬೇಕಾದ ಜಾಗದಲ್ಲಿ ಥಟ್ಟನೆ ಸಭ್ಯ ಪದ ಇಟ್ಟು ಪ್ರಾಸ ಮುರಿಯುತ್ತಾರೆ, ಕೆಲವು ಸಲ ತರಕಾರಿಯ ಹೆಸರಿಟ್ಟು ಜಾರಿಕೊಳ್ಳುತ್ತಾರೆ. ಅಳಿಯಂದಿರ ರಾಷ್ಟ್ರಗೀತೆ ಎನ್ನಬಹುದಾದ ಪದ್ಯ ಹೀಗಿದೆ:

ಅತ್ತೆ ಮನೆಯ ಮುಂದೆ ಹೋಗ್ತಾ
ಚೇಷ್ಟೆ ಮಾಡದೆ ಬಿಡೋದಿಲ್ಲ;
ಬೇಲಿ ಸಂದೀಲಿ ಇಂಥದು ತೂರಿ
ಅಂಥದು ತೋರದೆ ನಡೆಯೋದಿಲ್ಲ.

'ಇಂಥದು', 'ಅಂಥದು' ಎಂಬಲ್ಲಿ ಏನು ಹಾಕಬೇಕೆಂಬುದು ಸಭೆಯನ್ನು ನೋಡಿಕೊಂಡು ನಿರ್ಧಾರವಾಗುತ್ತದೆ. ಮದುವೆಯಲ್ಲಿ ಕುಡಿದ ಮಾವಂದಿರ ನಡುವೆ ಒಂದು, ಶಾಲೆಯ ವಾರ್ಷಿಕೋತ್ಸವದಲ್ಲಿ ಇನ್ನೊಂದು. 2014ರ ಜುಲೈ 1ರಿಂದ ರಷ್ಯದಲ್ಲಿ ರಂಗ, ಸಿನಿಮಾ, ಸಾರ್ವಜನಿಕ ಸಂಗೀತ ಕಾರ್ಯಕ್ರಮಗಳಲ್ಲಿ 'ಮಾತ್' ಬಳಸುವುದಕ್ಕೆ ಕಾನೂನಿನ ನಿಷೇಧ ಬಂತು, ದಂಡವೂ ನಿಗದಿಯಾಯಿತು. ರಾಕ್ ಗಾಯಕರು, ನಾಟಕ ಬರೆಯುವವರು ತಕರಾರು ಎತ್ತಿದರು. ಚಸ್ತುಷ್ಕಾ ಹಾಡುವವರು ಮಾಡಬೇಕಾದದ್ದು ಹೆಚ್ಚೇನಿರಲಿಲ್ಲ. ಮೂರು ಸಾಲು ಹಾಡಿ, ನಾಲ್ಕನೆಯದರ ಕೊನೆಯ ಪದಕ್ಕೆ ಮುಂಚೆ ಬಾಯಿ ಮುಚ್ಚಿ, ಗರ್ಮೋನಿನವನ ಕಡೆಗೆ ಕೈ ಬೀಸಿದರೆ ಆಯಿತು. ಉಳಿದದ್ದನ್ನು ಸಭಿಕರು ಹೇಳಿಕೊಳ್ಳುತ್ತಾರೆ.